ತೊಳೆದ ಸೌತೆಕಾಯಿ

ಅಬ್ಬಿಗೆರೆ
೧೮-೩-೨೦೧೫

ಕೊಳಚೆ ನೀರು ಶುದ್ಧೀಕರಿಸುವ ಘಟಕದ ಇಂಜಿನಿಯರ್ ರಘುನಾಥ್ ಅವರಿಗೆ ಮುನಿಶಾಮಪ್ಪನ ನಮಸ್ಕಾರ.

ಬಾಯಲ್ಲಿ ಕೇಳಿದರೆ ಉತ್ತರ ಕೊಡಲ್ಲ, ಬರೆದು ಕೊಡಿ ಅಂತೀರಿ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಅಕ್ಷರ ಡೊಂಕಾಗಿದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ನಿಮ್ಮ ಪೈಪಿನ ನೀರಲ್ಲೇ ನಾವು ಸೌತೆಕಾಯಿ ಬೆಳೆಯೋದು, ಕಿತ್ತ ಮೇಲೆ ಮಣ್ಣು ತೊಳೆಯೋದೂ ಅದರಲ್ಲೇ. ‘ಶುದ್ಧೀಕರಿಸಿದ ನೀರು’ ಅಂತ ಬೋರ್ಡು ನೆಟ್ಟವರು ನೀವು. ಹೋದ ವಾರ ನೀವು ತೋಟಕ್ಕೆ ಬಂದಾಗ ನನ್ನ ಹೆಂಡತಿ ಮುನಿಗಂಗಮ್ಮ ಒಂದು ಕಾಯಿ ಕಿತ್ತು, ನಿಮ್ಮ ನೀರು ಹರಿಯೋ ಕಾಲುವೆಯಲ್ಲಿ ತೊಳೆದು, “ತಿನ್ನಿ ಸಾರ್, ಎಳೇದು” ಅಂತ ಕೊಟ್ಟಳು. ನೀವು ಬಾಟಲಿ ನೀರು ತೆಗೆದು ಅದನ್ನು ಇನ್ನೊಂದು ಸಲ ತೊಳೆದಿರಿ. ಆಮೇಲೂ ತಿನ್ನಲಿಲ್ಲ, ಬ್ಯಾಗಿಗೆ ಹಾಕಿಕೊಂಡಿರಿ.

ಅವತ್ತಿಂದ ಅವಳು ಕಾಯಿ ಮಾರೋಕೆ ಬಿಡುತ್ತಿಲ್ಲ. “ಅವರೇ ತಿನ್ನದ್ದನ್ನ ಇನ್ನೊಬ್ರ ಮಕ್ಳಿಗೆ ಎಂಗ್ ಕೊಡಾದು?” ಅಂತಾಳೆ. ರಾಮನವಮಿ ಕೋಸಂಬರಿಗೆ ಆರ್.ಟಿ. ನಗರದ ಮನೆಯವರು ನಮ್ಮ ಕಾಯನ್ನೇ ಕೇಳೋದು. ಬೇಯಿಸೋದಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಳ್ಳಿಯಲ್ಲೇ ಬಿಟ್ಟರೆ ಬಲಿತು ಹಳದಿಯಾಗುತ್ತೆ.

ವಾಸನೆ ಇಲ್ಲ, ಬಣ್ಣ ಇಲ್ಲ ಅಂತ ಮತ್ತೆ ಹೇಳಬೇಡಿ. ಮೂಗು ನನಗೂ ಇದೆ. ರೋಗ ತರೋ ಕ್ರಿಮಿ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸಿ, ಹಸಿಯಾಗಿ ತಿನ್ನಬಹುದೋ ಬಾರದೋ ಕನ್ನಡದಲ್ಲಿ ಬರೆಯಿರಿ. ಬಾರದು ಅಂದರೆ ಬಳ್ಳಿ ನಾನು ಕೀಳುತ್ತೇನೆ, ಬೋರ್ಡು ನೀವು ಬಂದು ಕೀಳಬೇಕು.

ಇಪ್ಪತ್ತಮೂರನೇ ತಾರೀಖು, ಸೋಮವಾರದೊಳಗೆ ಉತ್ತರ ಬರಬೇಕು.

ಮುನಿಶಾಮಪ್ಪ