ಬಿಚ್ಚಲಾಗದ ಪೆಟ್ಟಿಗೆ

ಶಿಡ್ಲಘಟ್ಟ, ಗುರುವಾರ

ಮುರಳಿ ಅಣ್ಣನಿಗೆ ಶೋಭಾಳ ನಮಸ್ಕಾರ.

ಫೋನಿನಲ್ಲಿ ಹೇಳಲು ಭಯವಾಗಿ ಬರೆಯುತ್ತಿದ್ದೇನೆ. ನಿನ್ನ ಪಕ್ಕದಲ್ಲಿ ಈಗ ಸದಾ ಆ ದೊಡ್ಡ ಕಂಪ್ಯೂಟರ್ ಕಂಪನಿಯವರಿರುತ್ತಾರೆ. ನಮ್ಮ ಕಂಪ್ಯೂಟರ್ ಕಂಪನಿಯನ್ನು ಅವರ ಕಂಪನಿಯೊಂದಿಗೆ ಸೇರಿಸಲು ಸೋಮವಾರ ಸಹಿ ಹಾಕುತ್ತೀಯಂತೆ. ಪಾಲುದಾರಳಾದ ನನ್ನನ್ನು ಕೇಳಲಿಲ್ಲ ಎಂಬ ಕೋಪ ಹಾಗಿರಲಿ.

ನಾವು ಜೋಡಿಸುವ ಕಂಪ್ಯೂಟರಿಗೆ ಯಾವ ಅಂಗಡಿಯ ಬಿಡಿಭಾಗವಾದರೂ ಹೊಂದುತ್ತದೆ. ಅವರದಕ್ಕೆ ಅವರದೇ ಆಗಬೇಕು. ಅದರ ಮುಚ್ಚಳ ಬಿಚ್ಚುವ ಸ್ಕ್ರೂಡ್ರೈವರ್ ಕೂಡ ನಮ್ಮೂರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಹಣ ಹಾಕಿರುವ ರೇಷ್ಮೆಗೂಡಿನಿಂದ ನೂಲು ತೆಗೆಸುವ ವೆಂಕಟರತ್ನಮ್ಮ ನಿನ್ನೆ ಬಂದು, "ಮಾರ್ಕೆಟ್ನಲ್ಲಿ ಗೂಡಿನ ರಾಶಿಗೆ ಕೈ ಹಾಕಿ, ಕಿವಿ ಹತ್ರ ಅಲ್ಲಾಡಿಸಿ ನೋಡ್ದೆ ನಾವ್ಯಾರೂ ರೇಟ್ ಹಾಕಲ್ಲಮ್ಮ. ನಿಮ್ಮಣ್ಣ ಕಟ್ಟಿದ ಮೂಟೇನೇ ತಗೊಳ್ತಾರಾ?" ಎಂದರು.

ಶನಿವಾರ ಅವರ ಒಂದು ಯಂತ್ರ ತರಿಸಿ, ನಮ್ಮೆದುರು ಬಿಚ್ಚಿಸು. ಇಷ್ಟೇ ಕೇಳುವುದು.

ಮತ್ತೆ, ನಿನ್ನೆ ಸಂಜೆ ಅವರ ಜನ ನಮ್ಮ ಗೋಡೌನ್ ಅಳೆಯಲು ಬಂದಿದ್ದರು. ನೀನೇ ಕಳಿಸಿದ್ದೀಯೆಂದು ಒಳಗೆ ಬಿಟ್ಟೆ. ಇವತ್ತು ಬೆಳಿಗ್ಗೆಯಿಂದ ಅದರ ಬಾಗಿಲಿನ ಬೀಗದಲ್ಲಿ ನನ್ನ ಬೀಗದ ಕೈ ತಿರುಗುತ್ತಿಲ್ಲ. ಸಹಿ ಹಾಕುವ ಮೊದಲು ಒಮ್ಮೆ ಬಂದು ನಿನ್ನ ಬೀಗದ ಕೈಯನ್ನೂ ಹಾಕಿ ನೋಡಣ್ಣ.

ಗೋಡೌನಿನ ಹೊರಗೆ ಕೂತಿರುವ
ನಿನ್ನ ತಂಗಿ
ಶೋಭಾರಾಣಿ