ಸವಣೂರಿನ ಮಾತು ಕಲಿತ ಅಮೆರಿಕದ ಸಿನಿಮಾ

ಶಿಗ್ಗಾಂವಿ, ಸೋಮವಾರ

ನನ್ನ ಫರ್ಜಾನಾ,

ನಿನಗೆ ನಾಲ್ಕು ಸಾಲು ಬರೆದು ಎರಡು ವರ್ಷವಾಯಿತು. ಹಿರೇಕೆರೂರಿನ ನಿನ್ನ ಶಾಲೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ನಿನ್ನೆ ಇಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಲು ನನಗೆ ಆಗುವುದಿಲ್ಲ.

ಹಾನಗಲ್ಲಿನಲ್ಲಿ ಶಿಕ್ಷಕರ ತರಬೇತಿಗೆ ಓದುವಾಗ, ಊಟದ ಬಿಡುವಿನಲ್ಲಿ ನಿನ್ನ ಮೊಬೈಲಿನಲ್ಲಿ ಡೋರಾ ವಿಟ್ಲಿಯ ಸಿನಿಮಾ ನೋಡುತ್ತಿದ್ದೆವಲ್ಲ. ದೊಡ್ಡ ಕಂಪನಿಯ ಹಂಗಿಲ್ಲದೆ, ಒಂದೇ ಕ್ಯಾಮೆರಾ ಹಿಡಿದು, ಅಮೆರಿಕದ ತನ್ನ ಸಣ್ಣ ಊರಿನ ನೆರೆಹೊರೆಯವರಿಂದಲೇ ನಟನೆ ಮಾಡಿಸಿ ಆಕೆ ಚಿತ್ರ ತೆಗೆಯುತ್ತಿದ್ದಳು. ಬಟ್ಟೆ ಒಗೆಯುವ ಅಂಗಡಿಯ ಹೆಂಗಸು, ಅವಳ ಮಗಳು, ಅಷ್ಟೇ ಕಥೆ. ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ನೀನು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ನೀನೇ ಅದರ ಮಾತನ್ನೆಲ್ಲ ನಿನ್ನ ಸವಣೂರಿನ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿದೆ.

ನಗರದ ಸಿನಿಮಾ ಸಂಘದವರ ಮುಂದೆ ನೀನು ಅದನ್ನು ಓದಿದ ದಿನವನ್ನು ನಾನು ಮರೆತಿಲ್ಲ. ಮಗಳು ಊರಿಂದ ಹೊರಡುವಾಗ ತಾಯಿಗೆ ಆಡುವ ಮಾತನ್ನು ನೀನು "ಬಿಟ್ಟು ಹೊಂಟಿಲ್ಲವ್ವ, ಹೋಗಿ ಬರ್ತೇನಿ" ಎಂದು ಬರೆದಿದ್ದೆ. ಅಧ್ಯಕ್ಷರು ನಕ್ಕು, "ನಾನು ನಿನ್ನನ್ನು ತೊರೆಯುತ್ತಿಲ್ಲ, ಅಮ್ಮಾ" ಎಂದು ತಿದ್ದಿದರು. ನೀನು ನನ್ನ ಮುಖ ನೋಡಿದೆ. ನಾನು ಅವರು ಹೇಳಿದ್ದೇ ಸರಿ ಎಂಬಂತೆ ತಲೆಯಾಡಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ನೋಟ್‌ಬುಕ್ಕನ್ನು ನನ್ನ ಕೈಗಿತ್ತು, "ನಿನ್ನ ಹತ್ರನ ಇರ್ಲಿ" ಎಂದವಳು ಹಿಂದಿರುಗಿ ನೋಡದೆ ಸವಣೂರಿನ ಬಸ್ಸು ಹತ್ತಿದೆ.

ಈ ವರ್ಷ ಧೈರ್ಯ ಮಾಡಿ, ಆ ಸಿನಿಮಾವನ್ನು ನಿನ್ನ ಕನ್ನಡದಲ್ಲಿ ಇಲ್ಲಿ ತೋರಿಸಬಹುದೇ ಎಂದು ಡೋರಾಗೇ ಬರೆದೆ. "ನಿಮ್ಮ ಹೆಂಗಸರು ಮನೆಯಲ್ಲಿ ಆಡುವ ಮಾತನ್ನೇ ನನ್ನ ಸಿನಿಮಾದ ಹೆಂಗಸರೂ ಆಡಲಿ" ಎಂದು ಆಕೆ ಒಪ್ಪಿಗೆ ಕಳಿಸಿದಳು. ಫೋನಿನಲ್ಲಿ ನಿನ್ನನ್ನು ಕೇಳಿದಾಗ "ನಿನ್ನಿಷ್ಟ" ಎಂಬ ಒಂದೇ ಮಾತು ಬಂತು. ಅಷ್ಟು ಸಾಕಾಯಿತು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಮಂಜವ್ವ ಸಿನಿಮಾದ ತಾಯಿಯ ಮಾತನ್ನು ಬಾಯಿಪಾಠ ಮಾಡಿದಳು; ಮಗಳ ಮಾತು ನನ್ನದಾಯಿತು. "ಯಾರು ಬರ್ದಾರ್ರಿ ಅಕ್ಕಾರ? ನಮ್ಮನಿ ಕಿಟಕ್ಯಾಗ ನಿಂತು ಕೇಳ್ದಂಗೈತಿ" ಎಂದಳು.

ನಿನ್ನೆ ಮಧ್ಯಾಹ್ನ ಸಮುದಾಯ ಭವನ ತುಂಬಿತ್ತು. ಹತ್ತಿರದ ಹಳ್ಳಿ ದುಂಡಸಿಯಿಂದಲೇ ಅರವತ್ತು ಹೆಂಗಸರು ಬಂದಿದ್ದರು. ಸಿನಿಮಾದ ಧ್ವನಿ ತಗ್ಗಿಸಿ ಮಂಜವ್ವ, ನಾನು ಇಬ್ಬರೂ ಮೈಕಿನ ಮುಂದೆ ಕುಳಿತೆವು. ಮಗಳು ಹೊರಡುವ ದೃಶ್ಯ ಬಂತು. "ಹೋಗಿ ಬರ್ತೇನಿ" ಎಂದೆ. ಮುಂದಿನ ಸಾಲಿನ ಯಂಕವ್ವಜ್ಜಿ ಪರದೆಯ ಹುಡುಗಿಗೆ, "ಹೋಗಿ ಬಾ, ನನ್ನವ್ವ" ಎಂದುಬಿಟ್ಟಳು. ಅವಳ ಹಿಂದೆಯೇ ಅರವತ್ತು ಬಾಯಿ, "ಹೋಗಿ ಬಾ, ಹೋಗಿ ಬಾ." ಫರ್ಜಾನಾ, "ತೊರೆಯುತ್ತಿಲ್ಲ" ಎಂದಿದ್ದರೆ ಆ ಹುಡುಗಿಗೆ ಯಾರು ಉತ್ತರ ಕೊಡುತ್ತಿದ್ದರು?

ಮುಗಿದ ಮೇಲೆ ಮೈಕಿನಲ್ಲೇ ಹೇಳಿದೆ: ಇದು ಸವಣೂರಿನ ಫರ್ಜಾನಾ ಬರೆದ ಮಾತು, ಇದು ಸರಿಯಿಲ್ಲ ಎಂದವರ ಜೊತೆ ಅಂದು ನಾನೂ ಇದ್ದೆ, ನನ್ನದೇ ತಪ್ಪು. ಚಪ್ಪಾಳೆ ನಿಲ್ಲಲೇ ಇಲ್ಲ. ದುಂಡಸಿ ಬಸ್ಸಿನ ಕಂಡಕ್ಟರ್ ಬಾಗಿಲಿಗೇ ಬಂದು ಕರೆದರೂ ಒಬ್ಬರೂ ಏಳಲಿಲ್ಲ. "ಬಸ್ಸು ಹೋದ್ರ ಹೋಗ್ಲಿ, ಆಕೀದು ಇನ್ನೊಂದು ಹಚ್ರಿ" ಎಂದರು. ಇನ್ನೊಂದಕ್ಕೆ ಕನ್ನಡವಿಲ್ಲ ಎಂದೆ. ಯಂಕವ್ವಜ್ಜಿ ಕುಳಿತಲ್ಲಿಂದಲೇ ಅಪ್ಪಣೆ ಕೊಟ್ಟಳು: "ಬರದಾಕೀನ್ನ ಕರಸ್ರಿ ಮತ್ತ."

ಕರೆಯುತ್ತಿದ್ದೇನೆ. ಡೋರಾ ಇನ್ನೂ ನಾಲ್ಕು ಸಿನಿಮಾ ಕಳಿಸಿದ್ದಾಳೆ. ಬಾ.

ಅರವತ್ತು ಹೆಂಗಸರ ಹಾರೈಕೆ ನಿನ್ನ ಕೈಬರಹದ ಮೇಲಿರಲಿ.

ನಿನ್ನ,
ನಾಗರತ್ನಾ