ಮುಸಾಫಿರಖಾನೆಯ ಕೊನೆಯ ಸಾಲು

ಕ್ರಿ.ಶ. ೨೩೯೧, ಫೆಬ್ರವರಿ ೩೦

ಇನ್ನೂ ಹುಟ್ಟದ ನನ್ನನ್ನು ಸಹಿಸಿಕೊಳ್ಳಬೇಕಾದ ಹಿರಿಯರಿಗೆ,

ಇಂದು ಬೆಳಗ್ಗೆ ವಿಜಯಪುರದಾಚೆಯ ಹಳೇ ಮುಸಾಫಿರಖಾನೆಯ ಗೋಡೆಯಿಂದ ಕಿರುಬೆರಳ ಉಗುರಿನಷ್ಟು ಹಸಿರು ಎಣ್ಣೆಬಣ್ಣ ಯಶಸ್ವಿಯಾಗಿ ಕೆಳಗೆ ಬಿದ್ದಿತೆಂದು ಸಕಲ ಜನತೆಗೆ ಘೋಷಿಸಲು ಅಪಾರ ಹರ್ಷಪಡುತ್ತೇನೆ. ಚಪ್ಪಾಳೆ ಬೇಡ, ಇನ್ನೂ ಒಂದು ಮೊಳ ಬಾಕಿಯಿದೆ. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯ ಮೇಲೆ ಯಾರಿಗೋ ಕರುಣೆ ಹುಟ್ಟಿ ಎರಡು ದಿನ ಸೇರಿಸಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದನ್ನು ನಾವೂ ಕ್ಷಮಿಸಿಕೊಂಡೇ ಬಂದಿದ್ದೇವೆ.

ನಮ್ಮಲ್ಲಿ ವರ್ಷಕ್ಕೆ ಐದು ತಿಂಗಳು ಉರಿಗಾಲ, ಹಗಲಲ್ಲಿ ಯಾರೂ ರಸ್ತೆಗಿಳಿಯುವಂತಿಲ್ಲ. ಕುರಿಯವರು, ನಡೆದು ಬರುವವರು, ನೆರಳುಬಂಡಿಯವರು, ಅಂದರೆ ನೆತ್ತಿಯ ಮೇಲೆ ಒದ್ದೆ ಚಾಪೆ ಹೊದಿಸಿಕೊಂಡು ತೆವಳುವ ಬಂಡಿಯವರು, ಹೊತ್ತೇರಿದೊಡನೆ ಈ ದಪ್ಪ ಗೋಡೆಗಳ ನಡುವೆ ಬಂದು ಬೀಳುತ್ತಾರೆ. ಅವರಿಗೆ ಹಾಸಿಕೊಟ್ಟು ನೀರು ಕೊಡುವವಳು ಮಾಲನಬಿ. ಈಗ ಸ್ಮಾರಕ ಮಂಡಳಿಯ ಗುರುಪಾದಯ್ಯನವರು ಇದು ಇನ್ನು ಬರೀ ನೋಡುವ ಜಾಗ ಎಂದಿದ್ದಾರೆ. ಮಲಗುವ ಹಕ್ಕು ಕಲ್ಲಿನಲ್ಲಿ ಬರೆದಿದ್ದರೆ ಈ ಉರಿಗಾಲ ಮುಗಿಯುವುದರೊಳಗೆ ತೋರಿಸಬೇಕಂತೆ, ಇಲ್ಲವಾದರೆ ಚಾಪೆ ಸುತ್ತಬೇಕಂತೆ.

ಕಲ್ಲೇನೋ ಇದೆ, ಬಾಗಿಲ ಪಕ್ಕದಲ್ಲಿ, ಎರಡಾಳೆತ್ತರ. ಫಾರಸಿಯ ಉಬ್ಬಕ್ಷರಗಳು ಒಂದರ ಹೆಗಲ ಮೇಲೊಂದು ಹತ್ತಿಕೊಂಡು ಸಂತೆ ದಿನದ ಬಸ್ಸಿನಂತೆ ತುಂಬಿವೆ. ಮೇಲೆ ದೇವರ ಸ್ತುತಿ, ಅದರ ಕೆಳಗೆ ಕಟ್ಟಿಸಿದ ವಜೀರನ ಹೊಗಳಿಕೆ, ಎರಡೂ ನಿಚ್ಚಳ. ಕಟ್ಟಿಸಿದ್ದು ಯಾರಿಗೆ, ಯಾತಕ್ಕೆ ಎಂಬುದು ಕೊನೆಯ ಸಾಲಿನಲ್ಲಿ, ಎದೆಮಟ್ಟಕ್ಕೆ. ಇನ್ನೇನು ನಿಮ್ಮ ಕಾಲದ ಮುಂದಿನ ಉರುಸಿನಿಂದ ನೀವು ಈ ಕಲ್ಲಿಗೆ ಬಣ್ಣ ಬಳಿಯಲು ಶುರು ಮಾಡುತ್ತೀರಿ. ಪಾಪ, ಭಕ್ತಿಯಿಂದಲೇ. ಆದರೆ ಏಣಿ ತರಲು ಬೇಸರವಾಗಿ, ನಿಮ್ಮ ಭಕ್ತಿ ಕೈಗೆಟುಕುವ ಎತ್ತರಕ್ಕೇ ನಿಲ್ಲುತ್ತದೆ. ವಜೀರ ಬಚಾವಾಗುತ್ತಾನೆ. ಕೊನೆಯ ಸಾಲು ವರ್ಷ ವರ್ಷ ದಪ್ಪಗಾಗುತ್ತ ಮಾಯವಾಗುತ್ತದೆ.

ಹಳೇ ಶಾಸನ ಓದುವುದೇ ಕಸುಬಾದ ನಾನು ಅದನ್ನು ಬಿದಿರುಕಡ್ಡಿಯಿಂದ ಕೆರೆಯುತ್ತ ಬಂದಿದ್ದೇನೆ. ಬಣ್ಣ ಒಂಟಿಯಾಗಿ ಬರುವುದಿಲ್ಲ, ಕಲ್ಲಿನ ಸಿಪ್ಪೆಯನ್ನೂ ಕರೆದುಕೊಂಡು ಬರುತ್ತದೆ. ಇವತ್ತು ಬಿದ್ದ ಚೂರನ್ನು ಮಗುಚಿ ನೋಡಿದರೆ ಹಿಂದೆ ಅಕ್ಷರವೇ ಅಂಟಿಕೊಂಡಿತ್ತು. ಮಾಲನಬಿಯೂ ನೋಡಿದಳು.

“ಸಾಹೇಬ್ರ, ನಿಮ್ಮ ಅಕ್ಷರ ಹೊರಗ ಬರೋದ್ರಾಗ ನಾವು ಹೊರಗ ಬಿದ್ದಿರ್ತೀವಿ ಬಿಡ್ರಿ,” ಎಂದು ನನಗೂ ಒಂದು ಚಾಪೆ ಹಾಸಿಕೊಟ್ಟಳು. ದಣಿದಿದ್ದೆ. ಮಲಗಿಬಿಟ್ಟೆ.

ಇನ್ನು ಕೆರೆಯುವುದಿಲ್ಲ. ಆ ಸಾಲು ಕಾಣುವ ಹಳೇ ಫೋಟೋ ಇದ್ದರೂ ಮಂಡಳಿ ಒಪ್ಪುತ್ತದಂತೆ. ಬಣ್ಣ ಹತ್ತುವ ಮುಂಚಿನ, ನಿಮ್ಮ ಕಾಲದ ಫೋಟೋಗಳು ನಮ್ಮಲ್ಲಿ ರಾಶಿ ಬಿದ್ದಿವೆ. ಒಂದರಲ್ಲಿ ಮದುಮಕ್ಕಳು, ಒಂದರಲ್ಲಿ ಕಪ್ಪು ಕನ್ನಡಕದ ಮಾವ, ಒಂದರಲ್ಲಿ ಇಡೀ ಕಬಡ್ಡಿ ತಂಡ. ಎಲ್ಲರೂ ಕೊನೆಯ ಸಾಲಿಗೇ ಬೆನ್ನು ಆನಿಸಿ ನಗುತ್ತಿದ್ದೀರಿ. ಚೆಂದ ಕಾಣುತ್ತೀರಿ, ಅದರ ಬಗ್ಗೆ ತಕರಾರಿಲ್ಲ. ಈ ಸಲ ಅಲ್ಲಿಗೆ ಹೋದಾಗ, ಒಂದೇ ಒಂದು ಫೋಟೋಗೆ, ದಯವಿಟ್ಟು ಸ್ವಲ್ಪ ಎಡಕ್ಕೆ ಸರಿದು ನಿಲ್ಲಿ.